ನನ್ನದೇ ಒಂದು ಸುರಂಗ, ಮತ್ತೆ ಅದರ ಹಿಂದಿನ ಕಥೆ

ಮೊದಲೇ ಹೇಳಿಬಿಡ್ತೀನಿ, ನಮ್ಮ ಸಿದ್ದಾಪುರ ಅಂದರೆ ಉತ್ತರ ಕನ್ನಡದ ಸಿದ್ದಾಪುರ ಅಲ್ಲ. ಕುಂದಾಪುರದಿಂದ ಶಿವಮೊಗ್ಗ ಕಡೆ ಹೊರಟರೆ ಹುಲಿಕಲ್ ಘಾಟಿ ಹತ್ತುವ ಮುಂಚೆ ಸಿಗುವ ಸಿದ್ದಾಪುರ. ಹತ್ತಿರದಲ್ಲೇ ಹೊಸಂಗಡಿ, ವಾರಾಹಿ ಭೂಗರ್ಭ ವಿದ್ಯುದಾಗಾರದ ಊರು. ಗುಡ್ಡದೊಳಗೆ ಸುರಂಗ ಕೊರೆದು, ಮೇಲಿನ ನೀರನ್ನು ಕೆಳಗಿಳಿಸಿ 460 ಮೆಗಾವ್ಯಾಟ್ ಕರೆಂಟು ತೆಗೆಯುವ ಜಾಗ. ಆದರೂ ಜುಲೈ ಮಳೆಗೆ ನಮ್ಮನೆ ಕರೆಂಟು ಹೋಗೋದು ತಪ್ಪಿಲ್ಲ, ಅದು ಬೇರೆ ಕಥೆ :)

ಇವತ್ತು ಬರೀತಿರೋದು ಇನ್ನೊಂದು ಥರದ ಸುರಂಗದ ಬಗ್ಗೆ. ವಿಪಿಎನ್. ನಮ್ಮ ಕಂಪ್ಯೂಟರಿನಿಂದ ಎಲ್ಲೋ ಇರುವ ಒಂದು ಸರ್ವರ್‌ವರೆಗೆ ಹೋಗುವ ಡೇಟಾವನ್ನೆಲ್ಲ ಗೂಢಲಿಪಿಗೆ ಬದಲಾಯಿಸಿ ಕಳಿಸುವ ವ್ಯವಸ್ಥೆ. ದಾರಿ ಸಾರ್ವಜನಿಕವೇ, ಆದರೆ ಪೆಟ್ಟಿಗೆಗೆ ಬೀಗ. ಆಫೀಸಿನವರು ಕೊಟ್ಟಿದ್ದನ್ನು ನಿಮ್ಮಲ್ಲಿ ಬಹಳ ಜನ ಬಳಸಿರ್ತೀರಿ. ನಾನು ಲಿನಕ್ಸ್ ಮೇಲೆ ಸ್ವಂತದ್ದೊಂದು ಕಟ್ಟಿಕೊಂಡಿದ್ದೆ. ಹೆಮ್ಮೆಯೂ ಇತ್ತು. ಹೋದ ಮಳೆಗಾಲದಲ್ಲಿ ಒಂದು ಮೇಲ್ ಬರುವ ತನಕ.

ಮೇಲ್ ಬಂದಿದ್ದು ನಾನು ಸರ್ವರ್ ಬಾಡಿಗೆಗೆ ತಗೊಂಡ ಕಂಪನಿಯಿಂದ. ನಿಮ್ಮ ಐಪಿ ವಿಳಾಸದಿಂದ ಒಂದು ಸಿನಿಮಾ ಟೊರೆಂಟ್‌ನಲ್ಲಿ ಹಂಚಿಕೆಯಾಗಿದೆ, ದೂರು ಬಂದಿದೆ, ಇಪ್ಪತ್ನಾಲ್ಕು ಗಂಟೆಯೊಳಗೆ ಉತ್ತರ ಕೊಡಿ, ಇಲ್ಲಾಂದ್ರೆ ಸರ್ವರ್ ನಿಲ್ಲಿಸ್ತೀವಿ ಅಂತ. ನಾನು ಆ ಸಿನಿಮಾದ ಹೆಸರೇ ಕೇಳಿರಲಿಲ್ಲ. ಆದರೆ ಸರ್ವರ್ ನನ್ನದು, ಐಪಿ ನನ್ನ ಹೆಸರಲ್ಲಿ, ದುಡ್ಡು ಹೋಗೋದು ನನ್ನ ಕಾರ್ಡಿಂದ. ಮೊದಲು ಸಿಟ್ಟು ಬಂತು, ಆಮೇಲೆ ಭಯ. ಆ ರಾತ್ರಿ ನಿದ್ದೆ ಬರದೆ ಈ ಸುರಂಗಗಳ ಇತಿಹಾಸ ಓದ್ತಾ ಕೂತೆ. ಓದಿದ್ದು ಇಲ್ಲಿದೆ.

ಶುರು ಮಾಡಬೇಕಾದ್ದು ಬೆಂಗಳೂರಿಂದಲೇ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿ ಮಿಲ್ಲರ್ಸ್ ರಸ್ತೆಯ ಸೋನಾ ಟವರ್ಸ್‌ನಲ್ಲಿ ಕೇಂದ್ರ ತೆರೆಯಿತು. ಇಲ್ಲಿ ಮಾಡಿದ ಚಿಪ್ ವಿನ್ಯಾಸ ಅಮೆರಿಕಕ್ಕೆ ಹೋಗಬೇಕಲ್ಲ? ಅದಕ್ಕೆ ಪ್ರತ್ಯೇಕ ಉಪಗ್ರಹ ಸಂಪರ್ಕವನ್ನೇ ಹಾಕಿಸಿಕೊಂಡರು. ಇಂಟರ್‌ನೆಟ್ ನಮ್ಮ ಜನಸಾಮಾನ್ಯರಿಗೆ ಬಂದಿದ್ದು ಅದಾಗಿ ಹತ್ತು ವರ್ಷಕ್ಕೆ, 1995ರ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ಮೂಲಕ. ಅಂದರೆ ಆಗ 'ಖಾಸಗಿ ಜಾಲ' ಅಂದರೆ ನಿಜಕ್ಕೂ ಬೇರೆಯೇ ದಾರಿ. ದೊಡ್ಡ ಕಂಪನಿಗಳ ಕೈಗೆ ಮಾತ್ರ ಎಟುಕುವಂಥದ್ದು.

ಬೇರೆ ದಾರಿ ಯಾಕೆ ಬೇಕು, ಇದ್ದ ಇಂಟರ್‌ನೆಟ್ಟಿನಲ್ಲೇ ಬೀಗ ಹಾಕಿದ ಪೆಟ್ಟಿಗೆ ಕಳಿಸಿದರಾಯ್ತಲ್ಲ ಅನ್ನುವ ಯೋಚನೆ ತೊಂಬತ್ತರ ದಶಕದ್ದು. ಮೈಕ್ರೋಸಾಫ್ಟ್ ಮತ್ತಿತರರು ಸೇರಿ ಮಾಡಿದ ಪಿಪಿಟಿಪಿ ವಿಂಡೋಸ್ ಜತೆಗೇ ಬಂತು. ಅದರ ಬೀಗ ಎಷ್ಟು ಸಡಿಲ ಅಂತ 1998ರಲ್ಲೇ ಬ್ರೂಸ್ ಶ್ನಯರ್ ಮತ್ತು ಮಡ್ಜ್ ತೋರಿಸಿಕೊಟ್ಟರು. ಲಿನಕ್ಸ್ ಕಡೆ ಜಾನ್ ಗಿಲ್ಮೋರ್ ಅನ್ನುವವರು 1996ರಲ್ಲಿ ಫ್ರೀಸ್‌ವಾನ್ ಯೋಜನೆ ಶುರು ಮಾಡಿದರು. ಆಗ ಅಮೆರಿಕದಲ್ಲಿ ಬಲವಾದ ಗೂಢಲಿಪಿಯ ರಫ್ತಿಗೆ ನಿರ್ಬಂಧ ಇತ್ತು. ಆ ಕಾನೂನಿನ ಕಾಟ ಬೇಡ ಅಂತ ಅಮೆರಿಕನ್ನರು ಬರೆದ ಒಂದು ಸಾಲು ಕೋಡನ್ನೂ ಅವರು ಸೇರಿಸಿಕೊಳ್ಳಲಿಲ್ಲ! ಆದರೆ ಅದನ್ನು ಹೊಂದಿಸೋದು ಕಷ್ಟವೋ ಕಷ್ಟ. 2004ರಲ್ಲಿ ಯೋಜನೆ ಮುಗೀತು, ಅದರ ಕೋಡ್ ಓಪನ್‌ಸ್ವಾನ್, ಸ್ಟ್ರಾಂಗ್‌ಸ್ವಾನ್ ಅಂತ ಮುಂದುವರೀತು.

ನಮ್ಮ ದೇಶದಲ್ಲಿ ಏನಾಗ್ತಿತ್ತು? 1998ರಲ್ಲಿ ಖಾಸಗಿಯವರಿಗೆ ಇಂಟರ್‌ನೆಟ್ ಸೇವೆ ಕೊಡಲು ಲೈಸೆನ್ಸ್ ಸಿಕ್ಕಿತು. ಅದರಲ್ಲೊಂದು ಷರತ್ತು: 40 ಬಿಟ್‌ಗಿಂತ ಉದ್ದದ ಕೀಲಿ ಬಳಸಬೇಕಾದರೆ ಸರ್ಕಾರದ ಅನುಮತಿ ಬೇಕು, ಕೀಲಿಯನ್ನೂ ಒಪ್ಪಿಸಬೇಕು. 40 ಬಿಟ್ ಅಂದರೆ ಸುಮಾರು 1.1 ಲಕ್ಷ ಕೋಟಿ ಸಾಧ್ಯತೆಗಳು. ಕೇಳೋಕೆ ದೊಡ್ಡದು. ಆದರೆ 1997ರ ಜನವರಿಯಲ್ಲೇ ಇಯಾನ್ ಗೋಲ್ಡ್‌ಬರ್ಗ್ ಅನ್ನುವ ಬರ್ಕ್ಲಿ ವಿದ್ಯಾರ್ಥಿ ಸುಮಾರು 250 ಕಂಪ್ಯೂಟರ್ ಜೋಡಿಸಿ ಅಂಥ ಕೀಲಿಯನ್ನು ಮೂರೂವರೆ ಗಂಟೆಯಲ್ಲಿ ಮುರಿದಿದ್ದ. ಇನ್ನೊಂದು ತಮಾಷೆ ನೋಡಿ, 2001ರಲ್ಲಿ ರಿಸರ್ವ್ ಬ್ಯಾಂಕು ಇಂಟರ್‌ನೆಟ್ ಬ್ಯಾಂಕಿಂಗ್‌ಗೆ ಕನಿಷ್ಠ 128 ಬಿಟ್ ಇರಲಿ ಅಂತ ಹೇಳಿತು. ಒಂದು ಕಡೆ 40 ದಾಟಬೇಡಿ, ಇನ್ನೊಂದು ಕಡೆ 128ಕ್ಕಿಂತ ಕಮ್ಮಿ ಬೇಡ. ಪಾಲಿಸುವವನು ಏನು ಮಾಡಬೇಕು?

ಅದೇ 2001ರಲ್ಲಿ ಓಪನ್‌ವಿಪಿಎನ್ ಬಂತು. ಬರೆದವರು ಜೇಮ್ಸ್ ಯೋನನ್. ಮಧ್ಯ ಏಷ್ಯಾದಲ್ಲಿ ತಿರುಗಾಡ್ತಾ ಆಫೀಸ್ ಕೆಲಸ ಮಾಡ್ತಿದ್ದರಂತೆ. ಯಾರ್ಯಾರದೋ ದೇಶದ ಇಂಟರ್‌ನೆಟ್ ಕಂಪನಿಗಳ ಮೂಲಕ ಡೇಟಾ ಹೋಗೋದು ನೋಡಿ ದಿಗಿಲಾಗಿ ತಾವೇ ಒಂದು ಬರೆದರು. ಊರಿಂದ ದೂರ ಕೂತು ಕೆಲಸ ಮಾಡುವವನ ಕಷ್ಟದಿಂದ ಹುಟ್ಟಿದ್ದು ಅನ್ನೋದಕ್ಕೇ ನನಗೆ ಅದರ ಮೇಲೆ ಪ್ರೀತಿ.

ಇನ್ನು 2020. ಅಲ್ಲಿವರೆಗೆ ಕಾಲ್ ಸೆಂಟರ್, ಬಿಪಿಒ ತರಹದ ಕಂಪನಿಗಳು ನೌಕರರನ್ನು ಮನೆಯಿಂದ ಕೆಲಸ ಮಾಡಿಸಬೇಕಾದರೆ 2008ರ ನಿಯಮದ ಪ್ರಕಾರ ಒಂದು ಕೋಟಿ ರೂಪಾಯಿ ಠೇವಣಿ ಇಡಬೇಕಿತ್ತು, ಮಾನ್ಯತೆ ಪಡೆದ ದೂರಸಂಪರ್ಕ ಕಂಪನಿಯ ವಿಪಿಎನ್ನನ್ನೇ ಬಳಸಬೇಕಿತ್ತು. ಕೊರೊನಾ ಬಂದಾಗ, ಮಾರ್ಚ್ 13ರಂದು ದೂರಸಂಪರ್ಕ ಇಲಾಖೆ ಎರಡನ್ನೂ ತಾತ್ಕಾಲಿಕವಾಗಿ ಸಡಿಲಿಸಿತು. ಕಂಪನಿಗಳೇ ಕಟ್ಟಿಕೊಂಡ ವಿಪಿಎನ್ ಸಾಕು ಅಂತಾಯ್ತು. ನವೆಂಬರ್ 5ರ ಹೊಸ ಮಾರ್ಗಸೂಚಿಯಲ್ಲಿ ನೋಂದಣಿ, ಠೇವಣಿ ಎಲ್ಲ ಪೂರ್ತಿ ಹೋಯ್ತು. ಮಾರ್ಚ್ 25ಕ್ಕೆ ಲಾಕ್‌ಡೌನ್ ಶುರು. ಮಾರ್ಚ್ 29ಕ್ಕೆ ಲಿನಕ್ಸ್ 5.6 ಬಿಡುಗಡೆ, ಜೇಸನ್ ಡೊನೆನ್‌ಫೆಲ್ಡ್ ಬರೆದ ವೈರ್‌ಗಾರ್ಡ್ ಅದರೊಳಗೇ ಸೇರಿಕೊಂಡು ಬಂತು. ಮೂಲ ಕೋಡ್ ನಾಲ್ಕು ಸಾವಿರ ಸಾಲಿಗಿಂತ ಕಮ್ಮಿ. ಒಬ್ಬ ಮನುಷ್ಯ ಕೂತು ಓದಿ ಮುಗಿಸಬಹುದಾದಷ್ಟು!

ನಾನೂ ಆಗ ಲ್ಯಾಪ್‌ಟಾಪ್ ಎತ್ತಿಕೊಂಡು ಸಿದ್ದಾಪುರಕ್ಕೆ ಬಂದವನು. ಮನೆ ಕಂಪ್ಯೂಟರಿನಲ್ಲಿ ಅಪ್ಪ ಸ್ಕ್ಯಾನ್ ಮಾಡಿಟ್ಟ ಜಾಗದ ಕಾಗದ, ಒಂದಷ್ಟು ಯಕ್ಷಗಾನದ ರೆಕಾರ್ಡಿಂಗ್ ಇದ್ದವು. ವಾಪಸ್ ಬೆಂಗಳೂರಿಗೆ ಹೋದ ಮೇಲೂ ಅವು ಸಿಗಬೇಕು ಅಂತ ಆಸೆ. ಆದರೆ ನಮ್ಮ ಬ್ರಾಡ್‌ಬ್ಯಾಂಡ್‌ನಲ್ಲಿ ಒಂದೇ ಸಾರ್ವಜನಿಕ ಐಪಿಯನ್ನು ಎಷ್ಟೋ ಮನೆಗೆ ಹಂಚಿರ್ತಾರೆ, ಹೊರಗಿಂದ ಒಳಗೆ ಬರೋಕೆ ದಾರಿಯೇ ಇಲ್ಲ. ಅದಕ್ಕೆ ತಿಂಗಳಿಗೆ ಸುಮಾರು 450 ರೂಪಾಯಿಗೆ ಒಂದು ಸಣ್ಣ ಸರ್ವರ್ ಬಾಡಿಗೆಗೆ ಹಿಡಿದೆ. "ಅದ್ ಎಂತಕ್ ಮಾರಾಯಾ?" ಅಂದರು ಅಪ್ಪ.

ಕಟ್ಟೋದು ಸುಲಭ. ಪ್ರತಿ ಯಂತ್ರಕ್ಕೂ ಒಂದು ಜೋಡಿ ಕೀಲಿ. ಗುಪ್ತ ಕೀಲಿ ಆ ಯಂತ್ರದಲ್ಲೇ ಇರುತ್ತೆ, ಸಾರ್ವಜನಿಕ ಕೀಲಿ ಸರ್ವರ್‌ಗೆ. ಮನೆ ಕಂಪ್ಯೂಟರ್ 25 ಸೆಕೆಂಡಿಗೊಮ್ಮೆ ಸರ್ವರ್‌ಗೆ 'ಇದ್ದೇನೆ' ಅಂತ ಹೇಳ್ತಾ ಇದ್ದರೆ ದಾರಿ ತೆರೆದೇ ಇರುತ್ತೆ. ಕೀಲಿ ಇಲ್ಲದವರು ಬಾಗಿಲು ತಟ್ಟಿದರೆ ವೈರ್‌ಗಾರ್ಡ್ ಉತ್ತರವನ್ನೇ ಕೊಡಲ್ಲ, ಮನೆಯಲ್ಲಿ ಯಾರೂ ಇಲ್ಲದ ಹಾಗೆ ಸುಮ್ಮನಿರುತ್ತೆ. ಕಷ್ಟ ಇರೋದು ನೋಡಿಕೊಳ್ಳೋದರಲ್ಲಿ. ಮೊದಲ ವಾರವೇ ಫೈರ್‌ವಾಲ್ ಹಾಕುವಾಗ ನಾನೇ ಒಳಗೆ ಹೋಗಬೇಕಾದ ಎಸ್‌ಎಸ್‌ಎಚ್ ಬಾಗಿಲು ಮುಚ್ಚಿಕೊಂಡು ಹೊರಗೆ ನಿಂತಿದ್ದೆ! ಪಾಸ್‌ವರ್ಡ್ ಲಾಗಿನ್ ತೆಗೆಯಬೇಕು, ಭದ್ರತಾ ಅಪ್‌ಡೇಟ್ ತಾನಾಗೇ ಆಗುವ ಹಾಗಿಡಬೇಕು, ಕಳೆದುಹೋದ ಫೋನಿನ ಕೀಲಿ ಅವತ್ತೇ ಅಳಿಸಬೇಕು.

ಸರಿ, ಆ ಮೇಲ್‌ಗೆ ಬರೋಣ. ನನ್ನ ಹತ್ತಿರ ಯಾವ ಲಾಗೂ ಇಲ್ಲ, ಯಾರು ಅಂತ ಹೇಗೆ ತಿಳಿಯೋದು ಅಂದುಕೊಂಡೆ. ಆದರೆ ಇತ್ತು. ವೈರ್‌ಗಾರ್ಡ್ ಪ್ರತಿ ಕೀಲಿಯ ಎದುರು ಕೊನೆಯ ಸಲ ಯಾವಾಗ ಕೈಕುಲುಕಿತು, ಎಷ್ಟು ಡೇಟಾ ಹೋಯ್ತು, ಬಂತು ಅನ್ನೋದನ್ನು ನೆನಪಿಟ್ಟುಕೊಂಡಿರುತ್ತೆ. ಸರ್ವರ್ ರೀಬೂಟ್ ಆಗುವ ತನಕ ಆ ಲೆಕ್ಕ ಇರುತ್ತೆ. ನೋಡಿದರೆ ಒಂದು ಕೀಲಿ ಎದುರು ಮಾತ್ರ ಹತ್ತಾರು ಜಿಬಿ. ಹಾಸ್ಟೆಲ್‌ನ ವೈಫೈಯಲ್ಲಿ ಸುರಕ್ಷಿತವಾಗಿರಲಿ ಅಂತ ನಾನೇ ಕೊಟ್ಟಿದ್ದ ಚಿಕ್ಕಪ್ಪನ ಮಗನ ಕೀಲಿ. ಫೋನ್ ಮಾಡಿದೆ. "ಒಂದ್ ಸಿನ್ಮಾ ಕಾಂಬುಕೆ ಅಷ್ಟೆಲ್ಲ ಇತ್ತಾ?" ಅಂದ. ಪಾಪ, ಅವನಿಗೆ ವಿಪಿಎನ್ ಅಂದರೆ ಮಾಯವಾಗೋದು ಅಂತಲೇ ಗೊತ್ತಿದ್ದಿದ್ದು. ಅವನು ಮಾಯವಾಗಿದ್ದ ನಿಜ, ಅವನ ಜಾಗದಲ್ಲಿ ಕಾಣಿಸ್ತಿದ್ದವನು ನಾನು.

2022ರ ಏಪ್ರಿಲ್ 28ರಂದು ಸರ್ಟ್-ಇನ್ ಒಂದು ಆದೇಶ ಹೊರಡಿಸಿತ್ತು. ಸಾರ್ವಜನಿಕರಿಗೆ ವಿಪಿಎನ್ ಸೇವೆ ಕೊಡುವವರು ಗ್ರಾಹಕರ ಹೆಸರು, ವಿಳಾಸ, ಕೊಟ್ಟ ಐಪಿ ಎಲ್ಲವನ್ನೂ ಐದು ವರ್ಷ ಇಟ್ಟುಕೊಳ್ಳಬೇಕು ಅಂತ. ಎಕ್ಸ್‌ಪ್ರೆಸ್‌ವಿಪಿಎನ್, ಸರ್ಫ್‌ಶಾರ್ಕ್, ನಾರ್ಡ್‌ವಿಪಿಎನ್‌ನವರು ಭಾರತದಲ್ಲಿದ್ದ ಸರ್ವರ್‌ಗಳನ್ನೇ ತೆಗೆದರು. ಆಗ ನಾನು ಗೆಳೆಯರ ಹತ್ತಿರ ಜೋರಾಗಿ ವಾದ ಮಾಡಿದ್ದೆ, ಯಾರೂ ಯಾರ ಲೆಕ್ಕವನ್ನೂ ಇಡಬಾರದು ಅಂತ. ಈಗಲೂ ಜನಸಾಮಾನ್ಯರ ಲೆಕ್ಕ ಐದು ವರ್ಷ ಕೂಡಿಡೋದು ಸರಿ ಅನ್ನಿಸಲ್ಲ. ಆದರೆ ಆ ರಾತ್ರಿ ತಮ್ಮನ ಕೀಲಿ ಎದುರಿನ ಅಂಕಿ ನೋಡ್ತಾ ಕೂತವನು ನಾನೇ ತಾನೆ? ಆ ಅಂಕಿ ಇಲ್ಲದಿದ್ದರೆ ಅಪ್ಪನ ಮೇಲೂ ಸಂಶಯ ಪಡ್ತಿದ್ದೆನೋ ಏನೋ.

ಉಪಗ್ರಹದ ಕಾಲದಲ್ಲಿ ದಾರಿ ಕಂಪನಿಯದು, ಜವಾಬ್ದಾರಿಯೂ ಕಂಪನಿಯದು. ಈಗ 450 ರೂಪಾಯಿಗೆ ಸುರಂಗ ನನ್ನ ಕೈಗೆ ಬಂದಿದೆ, ಜವಾಬ್ದಾರಿಯೂ ಜತೆಗೇ ಬಂದಿದೆ. ವಿಪಿಎನ್ ನಂಬಿಕೆಯನ್ನು ಇಲ್ಲವಾಗಿಸಲ್ಲ, ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟಿಸುತ್ತೆ ಅಷ್ಟೆ. ನಮ್ಮ ಮನೆಯವರ ಮಟ್ಟಿಗೆ ಆ ಇನ್ನೊಬ್ಬ ನಾನು.

ಕಂಪನಿಗೆ ನಡೆದಿದ್ದನ್ನು ಬರೆದು ಕಳಿಸಿದೆ, ಸರ್ವರ್ ಉಳೀತು. ತಮ್ಮನ ಕೀಲಿ ಅಳಿಸಲಿಲ್ಲ. ಅದರ ಬದಲು ಸರ್ವರ್‌ನ ಫೈರ್‌ವಾಲ್ ಬದಲಾಯಿಸಿದೆ. ಈಗ ನನ್ನ ಎರಡು ಯಂತ್ರ ಬಿಟ್ಟು ಉಳಿದ ಕೀಲಿಗಳು ಮನೆ ಕಂಪ್ಯೂಟರ್ ತನಕ ಮಾತ್ರ ಹೋಗುತ್ತವೆ, ಅಲ್ಲಿಂದಾಚೆ ಇಂಟರ್‌ನೆಟ್ಟಿಗೆ ದಾರಿ ಇಲ್ಲ. ಯಾವ ಕೀಲಿ ಯಾರದ್ದು ಅಂತ ಒಂದು ಪಟ್ಟಿ ಮಾಡಿ ಎಲ್ಲರಿಗೂ ತೋರಿಸಿದ್ದೇನೆ. ಡೇಟಾದ ಅಂಕಿ ನನಗೆ ಕಾಣುತ್ತೆ ಅನ್ನೋದನ್ನೂ ಹೇಳಿದ್ದೇನೆ. ತಮ್ಮ ಎರಡು ವಾರ ಮಾತಾಡಲಿಲ್ಲ. ಆಮೇಲೆ ಅಷ್ಟಮಿಗೆ ಊರಿಗೆ ಬಂದಾಗ ಅವನೇ ಕೇಳಿದ, "ಅಣ್ಣ, ಅದನ್ನ ಕಟ್ಟುದ್ ಹೆಂಗೆ, ನಂಗೂ ತೋರ್ಸ್" ಅಂತ.

ತೋರಿಸ್ತಾ ಇದ್ದೇನೆ. ಮೊದಲ ಪಾಠ ಫೈರ್‌ವಾಲ್.