ಖಲೀಫನ ಪ್ರಶ್ನೆ

ಕ್ರಿ.ಶ. 833. ಅಬ್ಬಾಸಿ ಖಲೀಫ ಅಲ್ ಮಾಮೂನನ ನಿರೂಪವೊಂದು ರಕ್ಕಾದಿಂದ ಬಾಗ್ದಾದಿನ ಅಧಿಪತಿ ಇಸ್ಹಾಕ್ ಇಬ್ನ್ ಇಬ್ರಾಹೀಮನಿಗೆ ತಲುಪಿತು. ನ್ಯಾಯಾಧೀಶರನ್ನೂ ಹದೀಸ್ (ಪ್ರವಾದಿಯ ನಡೆನುಡಿಗಳ ವರದಿ) ವಿದ್ವಾಂಸರನ್ನೂ ಕರೆಸಿ ಕೇಳತಕ್ಕದ್ದು: ಕುರ್‌ಆನ್ ಸೃಷ್ಟಿಯಾದದ್ದೋ, ಅಲ್ಲವೋ?

ದೇವವಾಣಿಯು ಪ್ರವಾದಿ ಮುಹಮ್ಮದರಿಗೆ ದೇವದೂತ ಜಿಬ್ರೀಲರ ಮೂಲಕ ಸುಮಾರು 23 ವರ್ಷಗಳ ಕಾಲ ಇಳಿದುಬಂತೆಂಬುದರಲ್ಲಿ ಎರಡೂ ಪಕ್ಷಕ್ಕೆ ತಕರಾರಿರಲಿಲ್ಲ. ಇಳಿಯುವ ಮೊದಲು ಅದರ ಸ್ಥಿತಿ ಏನು ಎಂಬಲ್ಲೇ ಜಗಳ. ಖಲೀಫನು ಮೆಚ್ಚಿದ ಮುಅ್ತಝಿಲಾ ಪಂಡಿತರ ಪ್ರಕಾರ ದೇವರೊಬ್ಬನೇ ಅನಾದಿ. ಅವನ ಮಾತೂ ಅನಾದಿಯೆಂದರೆ ಏಕದೇವತ್ವಕ್ಕೇ ಭಂಗ; ಆದ್ದರಿಂದ ಅದು ಸೃಷ್ಟಿಯೇ. ಎದುರಾಳಿಗಳಿಗೋ, ಇದು ದೇವರ ಜ್ಞಾನವನ್ನೇ ಸೃಷ್ಟಿಯ ಸಾಲಿಗೆ ತಳ್ಳಿದಂತೆ ಕಂಡಿತು. ತರ್ಕದಲ್ಲಿ ಮುಅ್ತಝಿಲರೇ ಚುರುಕು; ಆ ತರ್ಕಕ್ಕೆ ಬೇಡಿ ಸಂಕೋಲೆಗಳ ಬೆಂಬಲ ಸಿಕ್ಕಿದ್ದೇ ಅವರಿಗೆ ಮುಳುವಾಯಿತು.

ಹದೀಸ್ ವಿದ್ವಾಂಸ ಅಹ್ಮದ್ ಇಬ್ನ್ ಹಂಬಲರ ಸರದಿ ಬಂತು. ಕುರ್‌ಆನ್ ದೇವರ ಮಾತು ಎಂದರು. ಸೃಷ್ಟಿಯೋ ಎಂದು ಕೆದಕಿದರೆ, ದೇವರ ಮಾತು, ಅದಕ್ಕೆ ಏನನ್ನೂ ಸೇರಿಸಲಾರೆ ಎಂದರು. ಕೊನೆಗೆ ಮಣಿಯದೆ ಉಳಿದ ನಾಲ್ವರಿಗೆ ಬೇಡಿ ಬಿತ್ತು. ಮರುದಿನ ಒಬ್ಬರು, ಅದರ ಮರುದಿನ ಇನ್ನೊಬ್ಬರು ಒಪ್ಪಿಕೊಂಡರು. ಅಹ್ಮದರನ್ನೂ ತರುಣ ಮುಹಮ್ಮದ್ ಇಬ್ನ್ ನೂಹರನ್ನೂ ಖಲೀಫನ ಬಳಿಗೆಂದು ತಾರ್ಸಸ್ ಕಡೆಗೆ ಸಾಗಿಸುತ್ತಿರುವಾಗಲೇ ಮಾಮೂನ್ ಕಾಲವಾದ. ಮರಳುವ ದಾರಿಯಲ್ಲಿ ಇಬ್ನ್ ನೂಹರೂ ತೀರಿಕೊಂಡರು.

ಹೊಸ ಖಲೀಫ ಮುಅ್ತಸಿಮನ ಸಭೆಯಲ್ಲೂ ಅಹ್ಮದರದು ಒಂದೇ ಪಟ್ಟು: ದೇವರ ಗ್ರಂಥದಿಂದಲೋ ಪ್ರವಾದಿಯ ನಡೆನುಡಿಯಿಂದಲೋ ಆಧಾರ ಕೊಡಿ. ಆಧಾರ ಬರಲಿಲ್ಲ, ಚಾಟಿ ಬಂತು. ಏಟಿಗೆ ಮಣಿಯಲಿಲ್ಲವೆಂದು ಅವರ ಅನುಯಾಯಿಗಳಾದ ಹಂಬಲಿಗಳು, ಮಣಿದರೆಂದು ಎದುರಾಳಿಗಳು ಬರೆದಿಟ್ಟಿದ್ದಾರೆ. ಅಂತೂ ಅಹ್ಮದರು ಜೀವಸಹಿತ ಮನೆ ಸೇರಿದರು.

ಮುಂದಿನ ಖಲೀಫ ವಾಸಿಕನ ಕಾಲಕ್ಕೆ ಈ ಹುಚ್ಚು ಗಡಿಯನ್ನೂ ಮುಟ್ಟಿತು. 845ರಲ್ಲಿ ಲಾಮೋಸ್ ನದಿಯ ಬಳಿ ಬೈಜಾಂಟಿಯನ್ನರೊಡನೆ ಸೆರೆಯಾಳುಗಳ ವಿನಿಮಯ. ವರ್ಷಗಟ್ಟಲೆ ಸೆರೆಯಲ್ಲಿ ಕೊಳೆತು ಬಂದ ಮುಸ್ಲಿಮರಿಗೂ ಅದೇ ಪ್ರಶ್ನೆ! ಕುರ್‌ಆನ್ ಸೃಷ್ಟಿಯೆಂದವರಿಗಷ್ಟೇ ಬಿಡುಗಡೆ.

ವಾಸಿಕನ ನಂತರ ಮುತವಕ್ಕಿಲ್ ಪಟ್ಟಕ್ಕೆ ಬಂದ ಕೆಲ ವರ್ಷಗಳಲ್ಲಿ ವಿಚಾರಣೆಗಳು ನಿಂತವು. 855ರಲ್ಲಿ ಅಹ್ಮದರು ಬಾಗ್ದಾದಿನಲ್ಲಿ ತೀರಿಕೊಳ್ಳುವ ಹೊತ್ತಿಗೆ ದೇವವಾಣಿಯ ಸ್ವರೂಪ ಹೇಳುವ ಅಧಿಕಾರ ಅರಮನೆಯಿಂದ ವಿದ್ವಾಂಸರ ಕೈಗೆ ಜಾರಿತ್ತು. ಹತ್ತನೆಯ ಶತಮಾನದಲ್ಲಿ, ಮುಅ್ತಝಿಲಾ ಪಕ್ಷ ತೊರೆದು ಬಂದ ಅಲ್ ಅಶ್‌ಅರಿಯ ಪಂಥದವರು ನಡುದಾರಿ ಹುಡುಕಿದರು: ಓದುವವನ ದನಿ, ಬರೆದ ಶಾಯಿ ಸೃಷ್ಟಿ, ದೇವರಲ್ಲಿ ನೆಲೆಸಿದ ಮಾತು ಅನಾದಿ. ಹಂಬಲಿಗಳು ಇದನ್ನೂ ಒಪ್ಪಲಿಲ್ಲ.