ಕಿತ್ತ ಕಂಬಿ, ಓಡಿದ ಬಂಡಿ

ಬೆಂಗಳೂರಿನಿಂದ ಸುಮಾರು 40 ಕಿಲೋಮೀಟರ್ ದೂರದ ಹೊಸೂರು ನನ್ನ ತಾಯಿಯ ತವರು. ನಾನು ಹುಡುಗನಾಗಿದ್ದಾಗ ನಮ್ಮ ತಾತ ಒಂದು ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದರು: "ನಮ್ಮೂರಿನ ರೈಲನ್ನೇ ಯುದ್ಧಕ್ಕೆ ಕರೆದುಕೊಂಡು ಹೋದರು ಕಣಪ್ಪ." ಯುದ್ಧಕ್ಕೆ ಸಿಪಾಯಿಗಳು ಹೋಗುವುದುಂಟು, ರೈಲು ಹೋಗುವುದುಂಟೆ? ತಾತ ತಮಾಷೆ ಮಾಡುತ್ತಿದ್ದಾರೆಂದು ನಕ್ಕಿದ್ದೆ. ಮುಂದೆ ಎರಡನೆಯ ಮಹಾಯುದ್ಧದ ಕಾಲದ ಚರಿತ್ರೆಯನ್ನು ಓದತೊಡಗಿದಾಗ ಆ ಮಾತು ನಿಜವೆಂದು ತಿಳಿಯಿತು.

ಮೊರಪ್ಪೂರಿನಿಂದ ಧರ್ಮಪುರಿಯ ಮೇಲೆ ಹೊಸೂರಿಗೆ ಪುಟ್ಟ ನ್ಯಾರೋಗೇಜ್ ದಾರಿಯೊಂದು 1913ರಲ್ಲಿ ಬಂದಿತ್ತು. 1941ರಲ್ಲಿ ಅದು ಮುಚ್ಚಿತು. ಹೊಸೂರು ಒಂಟಿಯಾಗಿರಲಿಲ್ಲ. ತಿರುಪತ್ತೂರು–ಕೃಷ್ಣಗಿರಿ, ಮಲಬಾರಿನ ಶೋರನೂರು–ನಿಲಂಬೂರು, ಮಧುರೆ–ಬೋಡಿನಾಯಕನೂರು, ದೂರದ ಕಾಂಗ್ರಾ ಕಣಿವೆಯ ನಗ್ರೋಟಾ–ಜೋಗಿಂದರ್ ನಗರ, ಹೀಗೆ ದೇಶದ ಎಷ್ಟೋ ಕವಲು ದಾರಿಗಳ ಕಂಬಿಗಳು ಆ ಒಂದೆರಡು ವರ್ಷಗಳಲ್ಲಿ ನೆಲ ಬಿಟ್ಟು ಎದ್ದವು.

ಕಾರಣವಿಲ್ಲದೆ ಕಿತ್ತರೆನ್ನುವಂತಿಲ್ಲ. ನಮ್ಮ ರೈಲ್ವೆಗೆ ಬೇಕಾದ ಎಂಜಿನುಗಳಲ್ಲಿ ಬಹುಪಾಲು ಬ್ರಿಟನ್ನಿನಿಂದ ಬರಬೇಕಾಗಿತ್ತು. ಯುದ್ಧ ಹೊತ್ತಿಕೊಂಡ ಮೇಲೆ ಅಲ್ಲಿನ ಕಾರ್ಖಾನೆಗಳು ಆಯುಧಗಳ ಕೆಲಸಕ್ಕೆ ತಿರುಗಿದವು. ಹಡಗುಗಳಿಗೆ ಜಲಾಂತರ್ಗಾಮಿಗಳ ಭಯ. 1930ರ ದಶಕದ ಆರ್ಥಿಕ ಮುಗ್ಗಟ್ಟಿನಲ್ಲಿ ಹಳೆಯದನ್ನು ಬದಲಾಯಿಸದೆ ಮುಂದೂಡಿದ್ದ ಋಣವೂ ತಲೆಯ ಮೇಲಿತ್ತು. ಇದು ಸಾಲದೆಂಬಂತೆ ನಮ್ಮ ಎಂಜಿನು, ವ್ಯಾಗನ್ನು, ಕಂಬಿ, ಸ್ಲೀಪರುಗಳು ಪಶ್ಚಿಮ ಏಷ್ಯಾದ ಯುದ್ಧರಂಗಕ್ಕೆ ಹಡಗೇರಿದವು. ರೈಲ್ವೆಯ ಕಾರ್ಯಾಗಾರಗಳಲ್ಲಿ ರಿಪೇರಿಯ ಕೆಲಸದ ಜತೆಗೆ ಯುದ್ಧಸಾಮಗ್ರಿಯನ್ನೂ ಮಾಡಬೇಕಾಯಿತು.

ಸಲಕರಣೆ ಇಳಿಯಿತು, ಹೊರೆ ಏರಿತು. 1942ರ ಏಪ್ರಿಲಿನಲ್ಲಿ ಜಪಾನಿನ ನೌಕಾಪಡೆ ಬಂಗಾಳ ಕೊಲ್ಲಿಯಲ್ಲಿ ಹಡಗುಗಳನ್ನು ಮುಳುಗಿಸಿ, ವಿಶಾಖಪಟ್ಟಣ, ಕಾಕಿನಾಡಗಳ ಮೇಲೆ ಬಾಂಬು ಹಾಕಿತು. ಕಲ್ಕತ್ತೆಯಿಂದ ಸಮುದ್ರದ ಮೇಲೆ ಬರುತ್ತಿದ್ದ ಕಲ್ಲಿದ್ದಲೂ ಈಗ ರೈಲಿನ ಹೆಗಲೇರಿತು. ಎಂಜಿನಿಗೆ ಬೇಕಾದ ಇದ್ದಲನ್ನು ಸಾಗಿಸುವುದಕ್ಕೇ ಎಂಜಿನುಗಳು ಸವೆಯಬೇಕಾದ ವಿಪರ್ಯಾಸ ನೋಡಿ! ತೀರ ಅಗತ್ಯವಿದ್ದರೆ ಮಾತ್ರ ಪ್ರಯಾಣ ಮಾಡಿರೆಂದು ರೈಲ್ವೆಯೇ ಜಾಹೀರಾತು ಹಾಕಿತು. ಸವೆದ ಎಂಜಿನನ್ನು ಸಂತೈಸಿಕೊಂಡು ಓಡಿಸಿದ ಡ್ರೈವರು, ಫೈರ್‌ಮನ್, ಫಿಟ್ಟರುಗಳ ಶ್ರಮ ಸಾಮಾನ್ಯವಾದುದಲ್ಲ.

ಆದರೆ ನನ್ನನ್ನು ಕಾಡುವ ಪ್ರಶ್ನೆ ಬೇರೆ. ಯಾವ ದಾರಿ ಬೇಕು, ಯಾವುದು ಬೇಡ ಎಂದು ಹೇಳುವವರು ಯಾರು? ಲೆಕ್ಕದ ಪುಸ್ತಕದಲ್ಲಿ ಕಡಮೆ ವರಮಾನದ ಸಣ್ಣ ದಾರಿ, ಸಂತೆಗೆ ಹೋಗುವ ರೈತನಿಗೆ ಹೆದ್ದಾರಿಯೇ ಆಗಿತ್ತು. ಅವನನ್ನು ಯಾರೂ ಕೇಳಲಿಲ್ಲ. 1939ರ ಸೆಪ್ಟೆಂಬರಿನಲ್ಲಿ ಭಾರತವನ್ನು ಯುದ್ಧಕ್ಕೆ ಸೇರಿಸಿದಾಗಲೂ ಜನಪ್ರತಿನಿಧಿಗಳನ್ನು ಕೇಳಿರಲಿಲ್ಲ. ಅದನ್ನು ಪ್ರತಿಭಟಿಸಿ ಮದರಾಸಿನ ಮಂತ್ರಿಮಂಡಲ ರಾಜೀನಾಮೆ ಕೊಟ್ಟು, ಆಡಳಿತ ಗವರ್ನರರ ಕೈಯಲ್ಲಿತ್ತು. ರೈಲು ತಪ್ಪಿದವರು ಬಸ್ಸು ಹಿಡಿಯೋಣವೆಂದರೆ ಪೆಟ್ರೋಲಿಗೂ ಪಡಿತರ. ಇದ್ದಲಿನ ಅನಿಲದಿಂದ ಓಡುವ ಬಸ್ಸು ದಿಬ್ಬ ಕಂಡರೆ ಏದುಸಿರು ಬಿಡುತ್ತಿತ್ತು. 1943ರ ಬಂಗಾಳದ ಕ್ಷಾಮದಲ್ಲಿ ಹಸಿದವರಿಗೆ ಧಾನ್ಯ ಸಕಾಲಕ್ಕೆ ಮುಟ್ಟದಿರಲು ಸಾಗಣೆಯ ಅಭಾವವೂ ಒಂದು ಕಾರಣವಾಯಿತು. ಬಂಡಿಗಳು ನಿಂತಿರಲಿಲ್ಲ, ಓಡುತ್ತಲೇ ಇದ್ದವು. ಯಾರಿಗಾಗಿ ಎಂಬುದೇ ಮಾತು.

ಯುದ್ಧ ಮುಗಿದು ಸ್ವಾತಂತ್ರ್ಯ ಬಂದ ಮೇಲೆ, 1954ರಲ್ಲಿ ನಿಲಂಬೂರಿಗೂ ಜೋಗಿಂದರ್ ನಗರಕ್ಕೂ ಮತ್ತೆ ಕಂಬಿ ಬಂತು. ಹೊಸೂರು ಇನ್ನೂ ಹಲವು ವರ್ಷ ಕಾದು, ಬೆಂಗಳೂರು–ಸೇಲಂ ದಾರಿಯಲ್ಲಿ ರೈಲನ್ನು ಮತ್ತೆ ಕಂಡಿತು. ಕೃಷ್ಣಗಿರಿ ಪಟ್ಟಣಕ್ಕೆ ಹೋದ ರೈಲು ಇಂದಿಗೂ ಮರಳಿಲ್ಲ.

ತಾತನ ಮಾತಿಗೆ ಇನ್ನೊಂದು ತುಂಡು ಇರುತ್ತಿತ್ತು. "ಯುದ್ಧಕ್ಕೆ ಹೋದವರು ಬರುವಾಗ ಪದಕ ತಂದರು. ನಮ್ಮ ರೈಲು ಬರಲೇ ಇಲ್ಲ." ಈಗ ಆ ಮಾತಿಗೆ ನನಗೆ ನಗು ಬರುವುದಿಲ್ಲ.