ಮಗಳಿಗೆ ಲಸಿಕೆ, ತಾಯಿಗೆ ತಪಾಸಣೆ: ಎಚ್‌ಪಿವಿ ಸೋಂಕು ಮತ್ತು ಗರ್ಭಕಂಠದ ಕ್ಯಾನ್ಸರ್

ಗರ್ಭಕೋಶದ ಕೆಳತುದಿ, ಅಂದರೆ ಯೋನಿಯ ಕಡೆಗೆ ತೆರೆದುಕೊಳ್ಳುವ ಬಾಯಿಯನ್ನು ಗರ್ಭಕಂಠ ಎನ್ನುತ್ತಾರೆ. ಇಲ್ಲಿ ಬರುವ ಕ್ಯಾನ್ಸರ್‌ಗೆ ಬಹುತೇಕ ಎಲ್ಲರಲ್ಲೂ ಕಾರಣ ಒಂದೇ: ಹ್ಯೂಮನ್ ಪ್ಯಾಪಿಲೋಮಾ ವೈರಸ್, ಚಿಕ್ಕದಾಗಿ ಎಚ್‌ಪಿವಿ. ಗ್ಲೋಬೋಕ್ಯಾನ್ ಅಂದಾಜಿನಂತೆ 2022ರ ಒಂದೇ ವರ್ಷದಲ್ಲಿ ಭಾರತದಲ್ಲಿ ಸುಮಾರು 1.27 ಲಕ್ಷ ಮಹಿಳೆಯರಿಗೆ ಈ ಕ್ಯಾನ್ಸರ್ ಬಂದಿತು. ಸುಮಾರು 80 ಸಾವಿರ ಮಂದಿ ಇದರಿಂದ ತೀರಿಕೊಂಡರು.

ಇದನ್ನು ತಡೆಯುವ ಭಾರತದ ಮೊದಲ ಸ್ವದೇಶಿ ಲಸಿಕೆ ‘ಸರ್ವಾವ್ಯಾಕ್’ ತಯಾರಾಗುವುದು ಪುಣೆಯ ಹಡಪಸರದ ಸೀರಂ ಇನ್‌ಸ್ಟಿಟ್ಯೂಟ್‌ನಲ್ಲಿ. ಇದು 2023ರ ಜನವರಿಯಲ್ಲಿ ಬಿಡುಗಡೆಯಾಯಿತು. ಕಲಬುರಗಿ, ಯಾದಗಿರಿ, ವಿಜಯಪುರ ಕಡೆಯಿಂದ ಕಟ್ಟಡ ಕೆಲಸಕ್ಕೆಂದು ಪುಣೆಗೆ ಬಂದ ಕುಟುಂಬಗಳೂ ಇದೇ ನಗರದಲ್ಲಿವೆ. ಆ ಕುಟುಂಬಗಳ ಮಹಿಳೆಯರು ಔಷಧ ಅಂಗಡಿಯಲ್ಲಿ ‘ಈ ಸೂಜಿ ನಾನು ಹಾಕಿಸಿಕೊಂಡರೆ ಸಾಕಾ?’ ಎಂದು ಕೇಳುವುದುಂಟು. ಉತ್ತರ ವಯಸ್ಸಿನ ಮೇಲೆ ನಿಂತಿದೆ. ಲಸಿಕೆಯ ಪೂರ್ಣ ಲಾಭ ಸಿಗುವುದು ಮಗಳಿಗೆ. ಮೂವತ್ತು ದಾಟಿದ ತಾಯಿಯನ್ನು ಕಾಪಾಡುವುದು ತಪಾಸಣೆ.

ಸೋಂಕು ತಗುಲಿದರೆ ಕ್ಯಾನ್ಸರ್ ಬಂದಂತೆಯೇ?

ಇಲ್ಲ. ಎಚ್‌ಪಿವಿಯಲ್ಲಿ 200ಕ್ಕೂ ಹೆಚ್ಚು ಬಗೆಗಳಿವೆ. ಅವುಗಳಲ್ಲಿ ಕ್ಯಾನ್ಸರ್ ತರಬಲ್ಲವು ಸುಮಾರು 14. ಜಗತ್ತಿನಲ್ಲಿ ಕಂಡುಬರುವ ಗರ್ಭಕಂಠದ ಕ್ಯಾನ್ಸರ್‌ಗಳಲ್ಲಿ ಶೇ. 70ರಷ್ಟಕ್ಕೆ 16 ಮತ್ತು 18 ಎಂಬ ಎರಡು ಬಗೆಗಳೇ ಕಾರಣ.

ಈ ವೈರಸ್ ಲೈಂಗಿಕ ಸಂಪರ್ಕದಿಂದ ಹರಡುತ್ತದೆ. ಅದು ಎಷ್ಟು ಸಾಮಾನ್ಯವೆಂದರೆ ಹೆಚ್ಚಿನ ಗಂಡಸರಿಗೂ ಹೆಂಗಸರಿಗೂ ಜೀವನದಲ್ಲಿ ಒಮ್ಮೆಯಾದರೂ ತಗುಲಿ ಹೋಗಿರುತ್ತದೆ. ಹತ್ತರಲ್ಲಿ ಒಂಬತ್ತು ಸೋಂಕುಗಳನ್ನು ದೇಹವೇ ಎರಡು ವರ್ಷದೊಳಗೆ ಹೊರಹಾಕುತ್ತದೆ. ಕೆಲವರಲ್ಲಿ ಮಾತ್ರ ಅದು ವರ್ಷಗಟ್ಟಲೆ ಉಳಿದು ಗರ್ಭಕಂಠದ ಜೀವಕೋಶಗಳನ್ನು ನಿಧಾನವಾಗಿ ಬದಲಿಸುತ್ತದೆ. ಈ ಬದಲಾವಣೆ ಕ್ಯಾನ್ಸರ್ ಆಗಲು ಸಾಮಾನ್ಯವಾಗಿ 15ರಿಂದ 20 ವರ್ಷ ಬೇಕು. ಎಚ್‌ಐವಿ ಮುಂತಾದ ಕಾರಣದಿಂದ ರೋಗನಿರೋಧಕ ಶಕ್ತಿ ಕುಂದಿದವರಲ್ಲಿ 5ರಿಂದ 10 ವರ್ಷ ಸಾಕು.

ಇಷ್ಟು ದೀರ್ಘ ಕಾಲಾವಕಾಶವಿರುವುದು ನಮ್ಮ ಅದೃಷ್ಟ. ಆದರೆ ಈ ವರ್ಷಗಳಲ್ಲಿ ನೋವಿರುವುದಿಲ್ಲ, ರಕ್ತಸ್ರಾವವಿರುವುದಿಲ್ಲ. ಆದ್ದರಿಂದಲೇ ‘ನನಗೇನೂ ತೊಂದರೆ ಇಲ್ಲ’ ಎನ್ನುವವರೂ ಪರೀಕ್ಷೆ ಮಾಡಿಸಿಕೊಳ್ಳಬೇಕು.

ಹಳ್ಳಿಯ ಮಹಿಳೆಯರಿಗೆ ಅಪಾಯ ಏಕೆ ಹೆಚ್ಚು?

ಚಿಕ್ಕ ವಯಸ್ಸಿನಲ್ಲಿ ಮದುವೆ ಮತ್ತು ಹೆರಿಗೆ, ಹೆಚ್ಚು ಹೆರಿಗೆಗಳು, ಎಚ್‌ಐವಿ ಸೋಂಕು, ತಂಬಾಕು ಸೇವನೆ ಅಪಾಯವನ್ನು ಹೆಚ್ಚಿಸುತ್ತವೆ. ಎಲ್ಲಕ್ಕಿಂತ ದೊಡ್ಡ ಕಾರಣವೆಂದರೆ ತಪಾಸಣೆಯೇ ಆಗದಿರುವುದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, 30ರಿಂದ 49 ವರ್ಷದ ಭಾರತೀಯ ಮಹಿಳೆಯರಲ್ಲಿ ಗರ್ಭಕಂಠದ ಪರೀಕ್ಷೆಯನ್ನು ಒಮ್ಮೆಯಾದರೂ ಮಾಡಿಸಿಕೊಂಡವರು ನೂರಕ್ಕೆ ಇಬ್ಬರೂ ಇಲ್ಲ.

ಒಂದು ಪರೀಕ್ಷೆಯಿಂದ ಎಷ್ಟು ವ್ಯತ್ಯಾಸವಾಗುತ್ತದೆ ಎಂಬುದನ್ನು ತೋರಿಸಿಕೊಟ್ಟದ್ದು ನಮ್ಮ ಗಡಿಯಾಚೆಯ ಹಳ್ಳಿಗಳೇ. ಬೀದರ್ ಮತ್ತು ಕಲಬುರಗಿಗೆ ಸಮೀಪದ ಉಸ್ಮಾನಾಬಾದ್ (ಈಗ ಧಾರಾಶಿವ) ಜಿಲ್ಲೆಯಲ್ಲಿ 1999ರಿಂದ ಒಂದು ದೊಡ್ಡ ಅಧ್ಯಯನ ನಡೆಯಿತು. ಮುಂಬೈನ ಟಾಟಾ ಮೆಮೋರಿಯಲ್ ಸೆಂಟರ್, ಸೋಲಾಪುರ ಜಿಲ್ಲೆಯ ಬಾರ್ಶಿಯಲ್ಲಿರುವ ನರ್ಗಿಸ್ ದತ್ತ್ ಸ್ಮಾರಕ ಕ್ಯಾನ್ಸರ್ ಆಸ್ಪತ್ರೆ ಹಾಗೂ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಇದರಲ್ಲಿದ್ದವು. 30ರಿಂದ 59 ವರ್ಷದ 1,31,746 ಮಹಿಳೆಯರು ಸೇರಿದ್ದರು. ಒಂದು ಗುಂಪಿಗೆ ಒಂದೇ ಸಲ ಎಚ್‌ಪಿವಿ ಪರೀಕ್ಷೆ ಮಾಡಿ, ಬೇಕಾದವರಿಗೆ ಚಿಕಿತ್ಸೆ ಕೊಡಲಾಯಿತು. ಎಂಟು ವರ್ಷಗಳಲ್ಲಿ ಆ ಗುಂಪಿನ ಸುಮಾರು 34 ಸಾವಿರ ಮಹಿಳೆಯರಲ್ಲಿ ಈ ಕ್ಯಾನ್ಸರ್‌ನಿಂದ 34 ಸಾವುಗಳಾದವು. ಇಂಥ ತಪಾಸಣೆ ಇಲ್ಲದ ಸುಮಾರು 31 ಸಾವಿರ ಮಹಿಳೆಯರ ಗುಂಪಿನಲ್ಲಿ 64 ಸಾವುಗಳಾದವು. ಫಲಿತಾಂಶ 2009ರಲ್ಲಿ ಪ್ರಕಟವಾಯಿತು. ಒಂದೇ ಒಂದು ಪರೀಕ್ಷೆ ಸಾವನ್ನು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸಿತ್ತು.

ತಪಾಸಣೆಯಲ್ಲಿ ಏನು ಮಾಡುತ್ತಾರೆ?

ಮೂರು ಬಗೆಯ ಪರೀಕ್ಷೆಗಳಿವೆ.

ವಿಐಎ: ಗರ್ಭಕಂಠಕ್ಕೆ ತೆಳುವಾದ ಅಸಿಟಿಕ್ ಆಮ್ಲ ಹಚ್ಚಿ ಒಂದು ನಿಮಿಷ ಬಿಟ್ಟು ನೋಡುತ್ತಾರೆ. ಬದಲಾದ ಜಾಗ ಬೆಳ್ಳಗೆ ಕಾಣುತ್ತದೆ. ಫಲಿತಾಂಶ ಅಲ್ಲೇ ಗೊತ್ತಾಗುತ್ತದೆ. ನೋಡುವವರಿಗೆ ಒಳ್ಳೆಯ ತರಬೇತಿ ಇರಬೇಕು, ಪರೀಕ್ಷೆ ಆಗಾಗ ಆಗಬೇಕು. ಮುಂಬೈನ ಕೊಳೆಗೇರಿಗಳಲ್ಲಿ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ವಿಐಎ ಮಾಡಿದಾಗ ಸಾವುಗಳು ಶೇ. 31ರಷ್ಟು ಕಡಿಮೆಯಾದವು. ಮುಟ್ಟು ನಿಂತವರಲ್ಲಿ ಈ ಪರೀಕ್ಷೆ ಅಷ್ಟು ಖಚಿತವಲ್ಲ.

ಪ್ಯಾಪ್ ಸ್ಮಿಯರ್: ಗರ್ಭಕಂಠದಿಂದ ಜೀವಕೋಶಗಳನ್ನು ಮೆಲ್ಲಗೆ ಸವರಿ ತೆಗೆದು ಪ್ರಯೋಗಾಲಯದಲ್ಲಿ ನೋಡುತ್ತಾರೆ.

ಎಚ್‌ಪಿವಿ ಪರೀಕ್ಷೆ: ವೈರಸ್ ಇದೆಯೇ ಎಂದು ನೇರವಾಗಿ ಹುಡುಕುತ್ತದೆ. ಕೆಲವು ಕಡೆ ಮಾದರಿಯನ್ನು ಮಹಿಳೆ ತಾನೇ ತೆಗೆದುಕೊಡಬಹುದು.

ರಾಷ್ಟ್ರೀಯ ಕಾರ್ಯಕ್ರಮದ ಪ್ರಕಾರ 30ರಿಂದ 65 ವರ್ಷದ ಮಹಿಳೆಯರಿಗೆ ಐದು ವರ್ಷಕ್ಕೊಮ್ಮೆ ವಿಐಎ ತಪಾಸಣೆ ಆಗಬೇಕು. ನಿಮ್ಮ ಆಶಾ ಕಾರ್ಯಕರ್ತೆಯನ್ನು ಅಥವಾ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ಕೇಳಿ. ಮುಟ್ಟಿನ ದಿನಗಳಲ್ಲಿ ಹೋಗಬೇಡಿ. ಪರೀಕ್ಷೆಗೆ ಎರಡು ದಿನ ಮೊದಲಿನಿಂದ ಯೋನಿಯೊಳಗೆ ಮಾತ್ರೆ ಅಥವಾ ಮುಲಾಮು ಬಳಸಬೇಡಿ, ಲೈಂಗಿಕ ಸಂಪರ್ಕವೂ ಬೇಡ. ಮಹಿಳಾ ಸಿಬ್ಬಂದಿಯೇ ಪರೀಕ್ಷಿಸಲಿ ಎಂದು ಕೇಳಲು ಸಂಕೋಚಪಡಬೇಡಿ.

‘ಪಾಸಿಟಿವ್’ ಎಂದು ಬಂದರೆ

ಅದು ಕ್ಯಾನ್ಸರ್ ಇದೆ ಎಂಬ ವರದಿಯಲ್ಲ. ಇನ್ನೊಂದು ಪರೀಕ್ಷೆ ಬೇಕೆಂಬ ಸೂಚನೆ. ವೈದ್ಯರು ಗರ್ಭಕಂಠವನ್ನು ದೊಡ್ಡದಾಗಿ ತೋರಿಸುವ ಉಪಕರಣದಿಂದ ನೋಡಬಹುದು (ಕಾಲ್ಪೋಸ್ಕೋಪಿ), ಬೇಕಾದರೆ ಚಿಕ್ಕ ತುಣುಕು ತೆಗೆದು ಪರೀಕ್ಷೆಗೆ ಕಳಿಸಬಹುದು. ಕ್ಯಾನ್ಸರ್ ಆಗುವ ಮುಂಚಿನ ಬದಲಾವಣೆ ಕಂಡರೆ ಆ ಭಾಗವನ್ನು ಬಿಸಿಯಿಂದ ಇಲ್ಲವೇ ತಂಪಿನಿಂದ ನಾಶಮಾಡುತ್ತಾರೆ, ಅಥವಾ ಅಷ್ಟನ್ನೇ ಕತ್ತರಿಸಿ ತೆಗೆಯುತ್ತಾರೆ. ಸಾಮಾನ್ಯವಾಗಿ ಅದೇ ದಿನ ಮನೆಗೆ ಹೋಗಬಹುದು.

ಎಚ್‌ಪಿವಿಯನ್ನು ಕೊಲ್ಲುವ ಮಾತ್ರೆ ಇಲ್ಲ. ಬಿಳಿಸೆರಗಿಗೆಂದು ಅಂಗಡಿಯಲ್ಲಿ ಕೊಳ್ಳುವ ಶಿಲೀಂಧ್ರನಾಶಕ ಮಾತ್ರೆ ಅಥವಾ ಆಂಟಿಬಯೋಟಿಕ್ ಈ ವೈರಸ್ ಮೇಲೆ ಕೆಲಸ ಮಾಡುವುದಿಲ್ಲ. ಅವುಗಳಿಂದ ಸ್ರಾವ ನಿಂತಿತು ಎಂದು ತಪಾಸಣೆ ಮುಂದೂಡಬೇಡಿ.

‘ಬಿಳಿಸೆರಗು ಹೋಗುತ್ತಿದೆ, ಮುಂದೆ ಕ್ಯಾನ್ಸರ್ ಆಗುತ್ತದೆ, ಗರ್ಭಚೀಲ ತೆಗೆಸಿಬಿಡಿ’ ಎಂದು ಯಾರಾದರೂ ಹೇಳಿದರೆ ತಕ್ಷಣ ಒಪ್ಪಬೇಡಿ. ಮಹಾರಾಷ್ಟ್ರದ ಬೀಡ್ ಜಿಲ್ಲೆಯಲ್ಲಿ ಕಬ್ಬು ಕಡಿಯುವ ಮಹಿಳೆಯರಲ್ಲಿ ಬಹಳ ಮಂದಿಯ ಗರ್ಭಕೋಶ ತೆಗೆದಿರುವುದು 2019ರಲ್ಲಿ ಬೆಳಕಿಗೆ ಬಂದು, ರಾಜ್ಯ ಸರ್ಕಾರ ವಿಚಾರಣಾ ಸಮಿತಿ ರಚಿಸಬೇಕಾಯಿತು. ಬಿಳಿಸೆರಗಿಗೆ ಹೆಚ್ಚಾಗಿ ಕಾರಣ ಸಾಧಾರಣ ಸೋಂಕು. ಅದು ಔಷಧದಿಂದ ಗುಣವಾಗುತ್ತದೆ. ತಪಾಸಣೆಯ ವರದಿ ಎಲ್ಲಿ ಎಂದು ಕೇಳಿ, ಇನ್ನೊಬ್ಬ ವೈದ್ಯರ ಅಭಿಪ್ರಾಯ ಪಡೆಯಿರಿ. ಪುಣೆಯ ಆಸ್ಪತ್ರೆಗಳಲ್ಲಿ ಮರಾಠಿಯಲ್ಲಿ ‘ಪಿಶವಿ’ ಎಂದರೆ ಗರ್ಭಕೋಶ, ‘ಗರ್ಭಾಶಯ ಮುಖಾಚಾ ಕರ್ಕರೋಗ’ ಎಂದರೆ ಗರ್ಭಕಂಠದ ಕ್ಯಾನ್ಸರ್. ಅರ್ಥವಾಗದ ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಬೇಡಿ, ಸಹಿ ಹಾಕಬೇಡಿ.

ಗಂಡ-ಹೆಂಡತಿಯರಲ್ಲಿ ಅನುಮಾನಕ್ಕೂ ಇಲ್ಲಿ ಜಾಗವಿಲ್ಲ. ವೈರಸ್ ಬಹಳ ವರ್ಷ ಸುಮ್ಮನಿದ್ದು ಆಮೇಲೆ ಪರೀಕ್ಷೆಯಲ್ಲಿ ಕಾಣಿಸಬಹುದು. ಯಾರಿಂದ, ಯಾವಾಗ ಬಂತೆಂದು ಹೇಳಲು ಆಗುವುದಿಲ್ಲ.

ಲಸಿಕೆ ಯಾರಿಗೆ, ಎಷ್ಟು?

ಸರ್ವಾವ್ಯಾಕ್ ಎಚ್‌ಪಿವಿಯ 6, 11, 16, 18 ಬಗೆಗಳನ್ನು ತಡೆಯುತ್ತದೆ. 9ರಿಂದ 26 ವರ್ಷದ ಹುಡುಗಿಯರಿಗೂ ಹುಡುಗರಿಗೂ ಅನುಮತಿ ಇದೆ. ತಯಾರಕರ ಸೂಚನೆಯಂತೆ 9ರಿಂದ 14 ವರ್ಷದವರಿಗೆ ಆರು ತಿಂಗಳ ಅಂತರದಲ್ಲಿ ಎರಡು ಡೋಸ್. 15 ದಾಟಿದವರಿಗೆ ಮೂರು ಡೋಸ್: ಮೊದಲನೆಯದು, ಅದಾದ ಎರಡು ತಿಂಗಳಿಗೆ ಒಂದು, ಆರು ತಿಂಗಳಿಗೆ ಇನ್ನೊಂದು. 9ರಿಂದ 20 ವರ್ಷದ ಹುಡುಗಿಯರಿಗೆ ಒಂದು ಅಥವಾ ಎರಡು ಡೋಸ್ ಕೊಡಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿದೆ. ಆದ್ದರಿಂದ ಸರ್ಕಾರಿ ಕೇಂದ್ರದಲ್ಲಿ ಕೊಡುವ ಡೋಸ್‌ಗಳ ಸಂಖ್ಯೆ ಬೇರೆ ಇರಬಹುದು. ಅಲ್ಲಿಯ ಸಿಬ್ಬಂದಿ ಹೇಳಿದಂತೆ ಮಾಡಿ. ನಿಮ್ಮ ಮಗಳ ವಯಸ್ಸಿಗೆ ಉಚಿತ ಲಸಿಕೆ ಇದೆಯೇ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿ.

ಈ ಲಸಿಕೆಯಲ್ಲಿ ಜೀವಂತ ವೈರಸ್ ಇಲ್ಲ; ವೈರಸ್ಸಿನ ಹೊರಕವಚದ ಪ್ರೋಟೀನ್ ಮಾತ್ರ ಇದೆ. ಇದರಿಂದ ಸೋಂಕು ಬರುವುದಿಲ್ಲ, ಮುಂದೆ ಮಕ್ಕಳಾಗಲು ತೊಂದರೆಯೂ ಆಗುವುದಿಲ್ಲ. ಸೂಜಿ ಹಾಕಿದ ತೋಳು ನೋಯಬಹುದು, ಸಣ್ಣ ಜ್ವರ ಬರಬಹುದು. ಕೆಲವು ಹುಡುಗಿಯರಿಗೆ ತಲೆ ಸುತ್ತುತ್ತದೆ. ಸೂಜಿಯಾದ ಮೇಲೆ 15 ನಿಮಿಷ ಕೂರಿಸಿ. ಗರ್ಭಿಣಿಯರು ಹೆರಿಗೆಯ ನಂತರ ಹಾಕಿಸಿಕೊಳ್ಳಬೇಕು. ಈ ಲಸಿಕೆಯನ್ನು 2ರಿಂದ 8 ಡಿಗ್ರಿ ತಂಪಿನಲ್ಲಿ ಇಡಬೇಕು, ಹೆಪ್ಪುಗಟ್ಟಬಾರದು. ಅಂಗಡಿಯಿಂದ ಕೊಂಡು ಮನೆಯಲ್ಲಿ ಇಟ್ಟುಕೊಳ್ಳದೆ ಕ್ಲಿನಿಕ್‌ನಲ್ಲೇ ಹಾಕಿಸಿ.

ಲಸಿಕೆ ಈಗಾಗಲೇ ಇರುವ ಸೋಂಕನ್ನು ಗುಣಪಡಿಸುವುದಿಲ್ಲ. ಹಾಕಿಸಿಕೊಂಡವರಿಗೂ 30 ಆದ ಮೇಲೆ ತಪಾಸಣೆ ಬೇಕು.

ಕೆಲಸಕ್ಕೆಂದು ಊರು ಬದಲಿಸುವವರು

ಹಡಪಸರದಲ್ಲಿ ಪರೀಕ್ಷೆ ಮಾಡಿಸಿ ವರದಿ ಬರುವಷ್ಟರಲ್ಲಿ ಊರಿಗೆ ಹೊರಡುವವರಿದ್ದಾರೆ. ಹೊರಡುವ ಮೊದಲು ವರದಿ ಕೇಳಿ ಪಡೆಯಿರಿ. ಮೊಬೈಲ್‌ನಲ್ಲಿ ಅದರ ಫೋಟೋ ಇಟ್ಟುಕೊಳ್ಳಿ, ಮಗಳ ಲಸಿಕೆ ಕಾರ್ಡಿನದೂ ಸಹ. ಪುಣೆಯಲ್ಲಿ ಸಸೂನ್ ಆಸ್ಪತ್ರೆ, ಕರ್ನಾಟಕದಲ್ಲಿ ಕಿದ್ವಾಯಿ ಸಂಸ್ಥೆಯ ಬೆಂಗಳೂರು ಮತ್ತು ಕಲಬುರಗಿ ಕೇಂದ್ರಗಳು ಸರ್ಕಾರಿ ಸೌಲಭ್ಯಗಳು. ಕ್ಯಾನ್ಸರ್ ಎಂದು ಗೊತ್ತಾದರೆ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಅಥವಾ ಮಹಾರಾಷ್ಟ್ರದ ಮಹಾತ್ಮಾ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನೆಯಡಿ ಚಿಕಿತ್ಸೆ ಸಿಗುತ್ತದೆಯೇ ಎಂದು ಆಸ್ಪತ್ರೆಯಲ್ಲಿ ವಿಚಾರಿಸಿ. ರೇಷನ್ ಕಾರ್ಡ್ ಮತ್ತು ಆಧಾರ್ ಜೊತೆಗಿರಲಿ.

ತಡಮಾಡದೆ ವೈದ್ಯರನ್ನು ಕಾಣಬೇಕಾದ ಲಕ್ಷಣಗಳು

• ಲೈಂಗಿಕ ಸಂಪರ್ಕದ ನಂತರ ರಕ್ತ ಕಾಣಿಸುವುದು
• ಎರಡು ಮುಟ್ಟುಗಳ ನಡುವೆ ರಕ್ತಸ್ರಾವ
• ಮುಟ್ಟು ನಿಂತು ವರ್ಷವಾದ ಮೇಲೆ ಮತ್ತೆ ರಕ್ತ, ಒಂದು ಹನಿಯಾದರೂ ಸರಿ
• ದುರ್ವಾಸನೆಯ ಅಥವಾ ರಕ್ತ ಬೆರೆತ ಸ್ರಾವ
• ಕಡಿಮೆಯಾಗದ ಕಿಬ್ಬೊಟ್ಟೆ ಅಥವಾ ಸೊಂಟ ನೋವು

ಈ ಲಕ್ಷಣಗಳಿದ್ದರೆ ತಪಾಸಣೆ ಶಿಬಿರಕ್ಕೆ ಕಾಯಬೇಡಿ, ಸುಗ್ಗಿ ಮುಗಿಯಲಿ ಎಂದೂ ಕಾಯಬೇಡಿ. ಲಕ್ಷಣಗಳಿಲ್ಲದೆ 30 ದಾಟಿದ್ದರೆ, ಮಗಳಿಗೆ ಲಸಿಕೆ ಹಾಕಿಸಲು ಹೋದ ದಿನವೇ ನಿಮ್ಮ ತಪಾಸಣೆ ಯಾವಾಗ ಎಂದು ಕೇಳಿ ಬನ್ನಿ.